ಪಾಸ್ ಕೈಯಲ್ಲಿದೆ, ಬಸ್ ಹತ್ತೋದು ಹೇಗೆ? ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದ ವಿಕಲಚೇತನರ ಓಡಾಟಕ್ಕೆ ಏನೇನು ದಾರಿ ಇದೆ

ಹೊಸಪೇಟೆ ಬಸ್ ಸ್ಟ್ಯಾಂಡಿಗೆ ಬೆಳಿಗ್ಗೆ ಕಂಪ್ಲಿ ಬಸ್ ಬರೋ ಹೊತ್ತನ್ನ ನೆನಪು ಮಾಡ್ಕೊಳ್ಳಿ. ಬಸ್ ಇನ್ನೂ ಪೂರ್ತಿ ನಿಂತಿರಲ್ಲ, ಕಿಟಕಿಯಿಂದ ಟವೆಲ್ಲು, ಕರ್ಚೀಫು, ಬ್ಯಾಗು ಸೀಟಿನ ಮೇಲೆ ಬಿದ್ದಿರುತ್ತವೆ. ಬಾಗಿಲಲ್ಲಿ ನೂಕುನುಗ್ಗಲು. ಎರಡೂ ಕೈಯಲ್ಲಿ ಊರುಗೋಲು ಹಿಡಿದವರು ರಶ್ ಕಡಿಮೆ ಆಗಲಿ ಅಂತ ಪಕ್ಕಕ್ಕೆ ಸರಿದು ನಿಲ್ತಾರೆ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿರುತ್ತಾರೆ. ನಿಂತವರ ಜೇಬಿನಲ್ಲಿ ಪಾಸ್ ಇರುತ್ತೆ, ಬಸ್ ಮಾತ್ರ ಹೋಗಿರುತ್ತೆ.

ನಮ್ಮ ಭಾಗದ ವಿಕಲಚೇತನರಿಗೆ ಸೌಲಭ್ಯವೇ ಇಲ್ಲ ಅಂತಲ್ಲ. ಪಾಸ್ ಇದೆ, ರೈಲಿನ ರಿಯಾಯಿತಿ ಇದೆ, ಕಾನೂನು ಇದೆ. ಆದರೆ ಮನೆಯಿಂದ ಆಸ್ಪತ್ರೆಗೆ, ಬ್ಯಾಂಕಿಗೆ, ಸಂತೆಗೆ ಹೋಗೋ ದಾರಿ ಒಂದು ಸರಪಳಿ ಇದ್ದ ಹಾಗೆ. ಆಟೋ, ಬಸ್ಸಿನ ಮೆಟ್ಟಿಲು, ಒಳಗಿನ ಸೀಟು, ಇಳಿಯೋ ಜಾಗ, ಅಂಗಡಿ ಮುಂದಿನ ಕಟ್ಟೆ, ಇದರಲ್ಲಿ ಒಂದು ಕೊಂಡಿ ಕಳಚಿದ್ರೂ ಉಳಿದಿದ್ದೆಲ್ಲ ವ್ಯರ್ಥ. ಪ್ರತಿ ಕೊಂಡಿಯಲ್ಲಿ ಏನು ಸಿಗುತ್ತೆ, ಯಾರು ಏನು ಮಾಡಬಹುದು ಅನ್ನೋದನ್ನ ಒಂದೊಂದಾಗಿ ನೋಡೋಣ.

ಮೊದಲು ಯುಡಿಐಡಿ ಕಾರ್ಡ್

ಬಸ್ ಪಾಸ್ ಇರಲಿ, ತ್ರಿಚಕ್ರ ವಾಹನ ಇರಲಿ, ಎಲ್ಲದಕ್ಕೂ ಮೊದಲು ಕೇಳೋದು ಯುಡಿಐಡಿ ಕಾರ್ಡ್. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿವೆ. ಕೈಕಾಲು, ಕಣ್ಣು, ಕಿವಿ ಮಾತ್ರ ಅಲ್ಲ. ಬುದ್ಧಿಮಾಂದ್ಯತೆ, ಆಟಿಸಂ, ಸಿಕಲ್ ಸೆಲ್, ಥಲಸ್ಸೇಮಿಯಾ, ಆಸಿಡ್ ದಾಳಿಗೆ ಒಳಗಾದವರು ಸಹ ಇದರಲ್ಲಿ ಬರ್ತಾರೆ. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರಬೇಕು.

ಅರ್ಜಿ ಹಾಕೋದು ಆನ್‌ಲೈನ್‌ನಲ್ಲಿ, ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ. ಇಲ್ಲೇ ನಮ್ಮವರಿಗೆ ಒಂದು ಗೊಂದಲ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಹಂಪಿ ಹೊಸಪೇಟೆ ತಾಲ್ಲೂಕಿನಲ್ಲೇ ಇದೆ. ಆದ್ರೆ ಸಂಡೂರು, ಕಂಪ್ಲಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಕಂಪ್ಲಿಯವರಿಗೆ ಹೊಸಪೇಟೆ ಹತ್ತಿರ, ಕಚೇರಿ ಮಾತ್ರ ಬಳ್ಳಾರಿಯಲ್ಲಿ. ಕಾಲು ನೋವಿರೋರು ತಪ್ಪು ಊರಿಗೆ ಹೋಗಿ ವಾಪಸ್ ಬಂದರೆ ಒಂದು ದಿನ, ಒಂದು ದಿನದ ಕೂಲಿ, ಆಟೋ ದುಡ್ಡು ಎಲ್ಲ ಹೋಯ್ತು ಅಂತಲೇ ಲೆಕ್ಕ.

ಅದಕ್ಕೇ ಹೊರಡೋ ಮುಂಚೆ ಊರಲ್ಲೇ ವಿಚಾರಿಸಿ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ. ಜನ ಅವರನ್ನ ವಿಆರ್‌ಡಬ್ಲ್ಯು ಅಂತಾನೇ ಕರೆಯೋದು. ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯು, ನಗರಸಭೆ ಮತ್ತು ಪುರಸಭೆಯಲ್ಲಿ ಯುಆರ್‌ಡಬ್ಲ್ಯು ಇರ್ತಾರೆ. ಇವರೂ ವಿಕಲಚೇತನರೇ. ಯಾವ ಅರ್ಜಿ, ಯಾವ ಆಸ್ಪತ್ರೆ, ಯಾವ ದಿನ ಅನ್ನೋದು ಇವರಿಗೆ ಗೊತ್ತಿರುತ್ತೆ. ಒಂದು ಫೋನಿನಿಂದ ಒಂದು ದಿನ ಉಳಿಯುತ್ತೆ.

ಬಸ್ ಪಾಸ್: 660 ರೂಪಾಯಿ, 100 ಕಿಲೋಮೀಟರ್

ನಮ್ಮ ಕಡೆ ಓಡೋದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸು. ವಿಕಲಚೇತನರಿಗೆ ವರ್ಷಕ್ಕೆ 660 ರೂಪಾಯಿಗೆ ರಿಯಾಯಿತಿ ಪಾಸ್ ಸಿಗುತ್ತೆ. ವಾಸ ಇರೋ ಸ್ಥಳದಿಂದ 100 ಕಿ.ಮೀ. ಒಳಗೆ ಓಡಾಡಬಹುದು. ಹೊಸಪೇಟೆಯಿಂದ ಹಂಪಿ, ಸಂಡೂರು, ಕಂಪ್ಲಿ, ಬಳ್ಳಾರಿ ಎಲ್ಲವೂ ಈ ಮಿತಿಯೊಳಗೇ ಬರ್ತವೆ. ದೃಷ್ಟಿ ಇಲ್ಲದವರಿಗೆ ಪಾಸ್ ಪೂರ್ತಿ ಉಚಿತ. ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ ಹಾಕಬೇಕು. ಪಾಸಿನ ಲೆಕ್ಕ ಜನವರಿಯಿಂದ ಡಿಸೆಂಬರ್, ಹಾಗಾಗಿ ನವೀಕರಣದ ಕೆಲಸವನ್ನ ಡಿಸೆಂಬರ್‌ನಲ್ಲೇ ತಲೆಯಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ಮಾತು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ವಿಕಲಚೇತನ ಮಹಿಳೆಯರಿಗೂ ಅನ್ವಯ. ರಾಜ್ಯದೊಳಗೆ ಸಾಮಾನ್ಯ, ವೇಗದೂತ ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸಿದ್ರೆ ಸಾಕು. ವಿಕಲಚೇತನರ ಪಾಸಿನಲ್ಲಿ ಜೊತೆಗೆ ಬರೋರ ಟಿಕೆಟ್ ಸೇರಿರಲ್ಲ. ಆದ್ರೆ ಜೊತೆಗೆ ತಾಯಿಯೋ, ಹೆಂಡತಿಯೋ, ಅಕ್ಕನೋ ಬಂದರೆ ಅವರ ಪ್ರಯಾಣ ಶಕ್ತಿಯಲ್ಲೇ ಆಗಿಬಿಡುತ್ತೆ.

ಶಕ್ತಿ ಬಂದ ಮೇಲೆ ಬಸ್ಸಿನಲ್ಲಿ ಜನ ಹೆಚ್ಚಾದ್ರು ಅನ್ನೋದು ಎಲ್ಲರಿಗೂ ಗೊತ್ತು. ಅದರಿಂದ ಲಕ್ಷಾಂತರ ಹೆಣ್ಣುಮಕ್ಕಳಿಗೆ ಒಳ್ಳೇದೇ ಆಯ್ತು. ಆದ್ರೆ ಜನ ಹೆಚ್ಚಾದಷ್ಟೂ ವಿಕಲಚೇತನರ ಮೀಸಲು ಸೀಟು ಬಿಟ್ಟುಕೊಡೋ ಜವಾಬ್ದಾರಿ ಸಹ ಹೆಚ್ಚಬೇಕಿತ್ತು.

ಬಸ್ಸಿನ ಮೆಟ್ಟಿಲು ಯಾಕೆ ಸಮಸ್ಯೆ

ಬೆಂಗಳೂರಿನಲ್ಲಿ ಓಡೋ ಲೋ ಫ್ಲೋರ್ ಬಸ್ಸಿಗೂ ನಮ್ಮೂರ ಬಸ್ಸಿಗೂ ವ್ಯತ್ಯಾಸ ಮೆಟ್ಟಿಲಿನಲ್ಲೇ ಇದೆ. ಲೋ ಫ್ಲೋರ್ ಬಸ್ಸಿನ ನೆಲ ರಸ್ತೆಯಿಂದ ಸುಮಾರು 40 ಸೆಂಟಿಮೀಟರ್ ಎತ್ತರ. ಹಳ್ಳಿ ರಸ್ತೆ, ಹಂಪ್, ಗುಂಡಿ ದಾಟೋ ಬಸ್ಸನ್ನ ಎತ್ತರವಾಗೇ ಕಟ್ಟಿರ್ತಾರೆ, ಕಡಿದಾದ ಮೆಟ್ಟಿಲು ಹತ್ತಿಯೇ ಒಳಗೆ ಹೋಗಬೇಕು. ಗಾಲಿಕುರ್ಚಿಯಲ್ಲಿ ಕೂತವರು ಒಬ್ಬರೇ ಹತ್ತೋ ಮಾತೇ ಇಲ್ಲ.

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ 2020ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬಸ್ಸಿನಲ್ಲಿ ಆದ್ಯತೆಯ ಸೀಟು, ಅದಕ್ಕೆ ಗುರುತು, ಹಿಡಿದುಕೊಳ್ಳೋಕೆ ಕಂಬಿ, ಊರುಗೋಲು ಇಡೋಕೆ ಜಾಗ, ಗಾಲಿಕುರ್ಚಿ ಹತ್ತಿಸಿ ಭದ್ರವಾಗಿ ನಿಲ್ಲಿಸೋ ವ್ಯವಸ್ಥೆ ಇರಬೇಕು. ಹಳೇ ಬಸ್ಸುಗಳು ಹೋಗಿ ಹೊಸವು ಬರೋ ತನಕ ಉಳಿಯೋದು ಮನುಷ್ಯರ ಸಹಾಯ ಒಂದೇ. ಆ ಸಹಾಯಕ್ಕೂ ಒಂದು ರೀತಿ ಇದೆ:

- ಮೊದಲು ಕೇಳಿ. "ಅಣ್ಣಾ, ಹೆಂಗೆ ಹಿಡೀಬೇಕು?" ಅಂತ ಒಂದು ಮಾತು. ಕೇಳದೆ ರಟ್ಟೆ ಹಿಡಿದು ಎಳೆದ್ರೆ ಊರುಗೋಲಿನ ಆಯ ತಪ್ಪಿ ಬೀಳ್ತಾರೆ.
- ದೃಷ್ಟಿ ಇಲ್ಲದವರ ಬಿಳಿ ಕೋಲನ್ನ ಹಿಡಿದು ಎಳೀಬೇಡಿ. ನಿಮ್ಮ ಮೊಣಕೈಯನ್ನ ಅವರಿಗೆ ಹಿಡಿಯೋಕೆ ಕೊಡಿ, ನೀವು ಅರ್ಧ ಹೆಜ್ಜೆ ಮುಂದೆ ನಡೀರಿ.
- ಗಾಲಿಕುರ್ಚಿ ಎತ್ತೋದಾದ್ರೆ ಬ್ರೇಕ್ ಹಾಕಿ, ಗಟ್ಟಿ ಚೌಕಟ್ಟನ್ನ ಹಿಡೀರಿ. ಕೈ ಇಡೋ ಪಟ್ಟಿ, ಕಾಲು ಇಡೋ ಹಲಗೆ ಹಿಡಿದ್ರೆ ಅವು ಕಳಚಿ ಬರ್ತವೆ.
- ಕಿವಿ ಕೇಳದವರಿಗೆ ಊರಿನ ಹೆಸರನ್ನ ಮೊಬೈಲಿನಲ್ಲಿ ಬರೆದು ತೋರಿಸಿ.
- ಚಾಲಕರು, ನಿರ್ವಾಹಕರು ಅವರು ಕೂತ ಮೇಲೇ ಬಸ್ ಬಿಟ್ಟರೆ ಅರ್ಧ ಅಪಾಯ ತಪ್ಪುತ್ತೆ. ಅದಕ್ಕೆ ಬೇಕಾಗೋದು ಅರ್ಧ ನಿಮಿಷ.

ಆಟೋ, ಟಂಟಂ: ಹತ್ತಿರದ್ದೂ ಹೌದು, ಅಪಾಯದ್ದೂ ಹೌದು

ಬಸ್ ಸಿಗದಿದ್ದಾಗ ಎಲ್ಲರ ಕೈ ಹೋಗೋದು ಆಟೋ ಕಡೆಗೇ. ನೆಲ ತಗ್ಗಿರೋದ್ರಿಂದ ಹತ್ತೋದು ಸುಲಭ, ಮನೆ ಬಾಗಿಲಿಗೇ ಬರುತ್ತೆ. ಆದ್ರೆ ಬಾಡಿಗೆ ಪೂರ್ತಿ ಒಬ್ಬರ ಮೇಲೇ ಬೀಳುತ್ತೆ. ಹಾಗಂತ ಶೇರ್ ಆಟೋಗೆ ಹೋದರೆ, ಮೂರು ಜನ ಕೂರೋ ಜಾಗದಲ್ಲಿ ಎಂಟು ಜನ. ಕಾಲಿನಲ್ಲಿ ಬಲ ಇಲ್ಲದವರು ಅಂಚಿನಲ್ಲಿ ಕೂತರೆ ತಿರುವಿನಲ್ಲಿ ಹಿಡಿತ ಸಿಗಲ್ಲ. ಒಳಗಿನ ಸೀಟು ಕೇಳಿ ಪಡೀರಿ.

ಸರಕು ಸಾಗಿಸೋ ಗಾಡಿಯ ಹಿಂದೆ ಹತ್ತಲೇಬೇಡಿ. ಮೆಟ್ಟಿಲಿಲ್ಲ, ಕುರ್ಚಿ ಸಮೇತ ಹೋಗಬಹುದು ಅನ್ನಿಸಬಹುದು. ಆದ್ರೆ ಸರಕು ವಾಹನದಲ್ಲಿ ಕೂತ ಪ್ರಯಾಣಿಕರಿಗೆ ಅಪಘಾತವಾದ್ರೆ ವಿಮೆ ಹಣ ಸಿಗೋದು ಬಹಳ ಕಷ್ಟ.

ಕಂಪ್ಲಿಯವರಿಗೆ ಮಳೆಗಾಲದ ಲೆಕ್ಕ ಬೇರೇನೇ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿ ಕಡೆಯ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತೆ. ಆಗ ಬುಕ್ಕಸಾಗರ, ಕಡೆಬಾಗಿಲು ಸೇತುವೆ ಮೇಲೆ ಸುತ್ತು ಹಾಕಬೇಕು. ನಡೆಯೋಕೆ ಆಗೋರು ಇನ್ನೊಂದು ಗಾಡಿ ಹಿಡೀತಾರೆ. ಗಂಗಾವತಿಯಲ್ಲಿ ಚಿಕಿತ್ಸೆ ತಗೊಳ್ತಿರೋ ವಿಕಲಚೇತನರು ಔಷಧಿಯನ್ನ ವಾರದ ಮುಂಚೆಯೇ ತಂದಿಟ್ಟುಕೊಳ್ಳೋದು ಒಳ್ಳೇದು.

ಸ್ವಂತ ಗಾಡಿ

ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಿಂದ ದೈಹಿಕ ವಿಕಲಚೇತನರಿಗೆ ಪಕ್ಕದ ಚಕ್ರ ಜೋಡಿಸಿದ ಯಂತ್ರಚಾಲಿತ ವಾಹನ ಕೊಡೋ ಯೋಜನೆ ಇದೆ. ಅರ್ಜಿ ಕರೆದಾಗ ಸೇವಾ ಸಿಂಧು ಮೂಲಕವೇ ಹಾಕಬೇಕು. ಸ್ವಂತ ದುಡ್ಡಿನಲ್ಲಿ ಚಕ್ರ ಜೋಡಿಸಿಕೊಳ್ಳೋರು ಆರ್‌ಟಿಒದಲ್ಲಿ ಬದಲಾವಣೆಯನ್ನ ನೋಂದಾಯಿಸಿ, ಅಂಥ ವಾಹನಕ್ಕೇ ಲೈಸೆನ್ಸ್ ಮಾಡಿಸಿಕೊಳ್ಳಿ. ಇಲ್ಲದಿದ್ರೆ ಅಪಘಾತವಾದಾಗ ವಿಮಾ ಕಂಪನಿ ಮೊದಲು ಹುಡುಕೋದು ಆ ಕಾಗದವನ್ನೇ.

ಸಂಡೂರು ಕಡೆಯವರಿಗೆ ಒಂದು ಎಚ್ಚರಿಕೆ. ಅದಿರಿನ ಲಾರಿ ಓಡೋ ರಸ್ತೆಯಲ್ಲಿ ಧೂಳು ಎದ್ದಾಗ ತಗ್ಗಿನ ಗಾಡಿ ಲಾರಿ ಚಾಲಕರಿಗೆ ಕಾಣಲ್ಲ. ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಹಗಲಲ್ಲೂ ಲೈಟ್ ಹಾಕಿ. ಕತ್ತಲಾದ ಮೇಲೆ ಘಾಟಿ ಇಳಿಯೋದು ಬೇಡ.

ರೈಲು: ದೂರದ ಊರಿಗೆ ಇದೇ ಮೇಲು

ಬೆಂಗಳೂರು, ಹುಬ್ಬಳ್ಳಿ ಆಸ್ಪತ್ರೆಗೆ ಹೋಗೋರಿಗೆ ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ಇದೆ. ಜೊತೆಯವರಿಲ್ಲದೆ ಪ್ರಯಾಣ ಮಾಡೋಕೆ ಆಗದ ದೈಹಿಕ ವಿಕಲಚೇತನರು, ಪೂರ್ತಿ ದೃಷ್ಟಿ ಇಲ್ಲದವರು, ಬುದ್ಧಿಮಾಂದ್ಯರು, ಇವರಿಗೆ ಸ್ಲೀಪರ್ ಮತ್ತು ಎರಡನೇ ದರ್ಜೆಯಲ್ಲಿ ಶೇ 75 ರಿಯಾಯಿತಿ. ಜೊತೆಯಲ್ಲಿ ಬರೋ ಒಬ್ಬರಿಗೂ ಅಷ್ಟೇ. ಮಾತು, ಕಿವಿ ಎರಡೂ ಇಲ್ಲದವರಿಗೆ ಶೇ 50. ಇದಕ್ಕೆ ರೈಲ್ವೆ ನಮೂನೆಯಲ್ಲೇ ಸರ್ಕಾರಿ ವೈದ್ಯರು ಸಹಿ ಮಾಡಿದ ಪ್ರಮಾಣಪತ್ರ ಬೇಕು. ಆ ನಮೂನೆಯನ್ನ ತಪಾಸಣೆಗೆ ಹೋಗೋ ದಿನವೇ ಜೊತೆಗೆ ಒಯ್ದರೆ ಎರಡು ಕೆಲಸ ಒಂದೇ ಓಡಾಟದಲ್ಲಿ ಮುಗಿಯುತ್ತೆ. ಗಾಲಿಕುರ್ಚಿ ಬೇಕಾದ್ರೆ ರೈಲು ಬರೋಕೆ ಸಾಕಷ್ಟು ಮುಂಚೆ ಸ್ಟೇಷನ್ ಮಾಸ್ಟರ್ ಬಳಿ ಹೇಳಿ. ರೈಲಿನೊಳಗೆ ತೊಂದರೆಯಾದ್ರೆ 139ಕ್ಕೆ ಫೋನ್ ಮಾಡಿ.

ಹಂಪಿಗೆ ಹೋಗೋದಾದ್ರೆ

ವಿಜಯ ವಿಠ್ಠಲ ದೇವಸ್ಥಾನದ ಹತ್ತಿರಕ್ಕೆ ಸ್ವಂತ ವಾಹನ ಬಿಡಲ್ಲ. ಗೆಜ್ಜಲ ಮಂಟಪದ ಕಡೆಯಿಂದ ಸುಮಾರು ಒಂದು ಕಿಲೋಮೀಟರ್ ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ಈ ಗಾಡಿ ಬಸ್ಸಿನಷ್ಟು ಎತ್ತರ ಇಲ್ಲದ್ದರಿಂದ ಹತ್ತೋದು ಸುಲಭ. ಆದ್ರೆ ಕುರ್ಚಿಯಿಂದ ಸೀಟಿಗೆ ಸರಿದು, ಮಡಚೋ ಗಾಲಿಕುರ್ಚಿಯನ್ನ ಜೊತೆಗೆ ಇಟ್ಟುಕೊಳ್ಳಬೇಕಾಗುತ್ತೆ. ಕಲ್ಲುಹಾಸಿನ ಮೇಲೆ ಸಣ್ಣ ಗಾಲಿ ಸಿಕ್ಕಿಹಾಕಿಕೊಳ್ಳುತ್ತೆ, ಜೊತೆಗೆ ಒಬ್ಬರು ಇರಲಿ. ಉತ್ಸವದ ದಿನ ವಾಹನ ನಿಲ್ಲಿಸೋದು ಇನ್ನೂ ದೂರದಲ್ಲಿ. ವಿಕಲಚೇತನರನ್ನ ಕರ್ಕೊಂಡು ಹೋಗೋರು ಜನ ಕಡಿಮೆ ಇರೋ ಬೆಳಗಿನ ಹೊತ್ತು ಆರಿಸಿಕೊಳ್ಳಿ.

ಅಂಗಡಿಯವರಿಗೆ ಎರಡು ಮಾತು

ಪ್ರಯಾಣ ಬಸ್ ಸ್ಟ್ಯಾಂಡಿಗೇ ಮುಗಿಯಲ್ಲ, ನಿಮ್ಮ ಅಂಗಡಿ ಒಳಗೆ ಮುಗಿಯುತ್ತೆ. ಫುಟ್‌ಪಾತ್ ಮೇಲೆ ಇಟ್ಟ ಬೋರ್ಡು, ಸ್ಟ್ಯಾಂಡಿ, ಖಾಲಿ ಕ್ರೇಟು ತಪ್ಪಿಸಿಕೊಂಡು ನಾವು ರಸ್ತೆಗೆ ಇಳೀತೀವಿ. ಬಿಳಿ ಕೋಲು ಹಿಡಿದವರು, ಗಾಲಿಕುರ್ಚಿಯವರು ಹಾಗೆ ಇಳಿದ್ರೆ ಲಾರಿ ಎದುರಿಗೇ ಹೋದ ಹಾಗೆ.

ಇಳಿಜಾರಿನ ಲೆಕ್ಕ ಸುಲಭ: ಒಂದಕ್ಕೆ ಹನ್ನೆರಡು. ಕಟ್ಟೆ 6 ಇಂಚು ಎತ್ತರ ಇದ್ರೆ ಇಳಿಜಾರು 6 ಅಡಿ ಉದ್ದ ಇರಬೇಕು. ಇದಕ್ಕಿಂತ ಕಡಿದಾದ್ರೆ ಕುರ್ಚಿ ಹಿಂದಕ್ಕೆ ಮಗುಚುತ್ತೆ. ಕಾಯಂ ಕಟ್ಟೋಕೆ ಜಾಗ ಇಲ್ಲದಿದ್ರೆ ವೆಲ್ಡಿಂಗ್ ಅಂಗಡಿಯಲ್ಲಿ ತಗಡಿನ ಹಲಗೆ ಮಾಡಿಸಿ ಒಳಗಿಡಿ, ಗಿರಾಕಿ ಬಂದಾಗ ಹಾಕಿ. ಅದೂ ಆಗದಿದ್ರೆ ಹೊರಗೆ ಕಾಣೋ ಹಾಗೆ ಫೋನ್ ನಂಬರ್ ಬರೆದು ಹಾಕಿ, ಸಾಮಾನನ್ನ ಹೊರಗೇ ತಂದು ಕೊಡಿ. ಮಂಡಿನೋವಿನ ಅಜ್ಜಿ, ಬಾಣಂತಿ, ತಳ್ಳುಗಾಡಿಯಲ್ಲಿ ಮೂಟೆ ತರೋ ಹುಡುಗ, ಎಲ್ಲರಿಗೂ ಅದೇ ಇಳಿಜಾರು ಬೇಕು.

ತೊಂದರೆಯಾದ್ರೆ ಯಾರಿಗೆ ಹೇಳೋದು

ಬಸ್ ನಿಲ್ಲಿಸಲಿಲ್ಲ, ಪಾಸ್ ಒಪ್ಪಲಿಲ್ಲ ಅಂದ್ರೆ ಜಗಳ ಆಡೋ ಮುಂಚೆ ನಾಲ್ಕು ವಿಷಯ ಬರೆದುಕೊಳ್ಳಿ: ಬಸ್ಸಿನ ನಂಬರ್, ದಿನ, ಹೊತ್ತು, ಸ್ಥಳ. ಇವಿಷ್ಟೂ ಇರೋ ಅರ್ಜಿಯನ್ನ ಡಿಪೋ ಮ್ಯಾನೇಜರ್‌ಗೆ ಕೊಡಿ, ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಅಲ್ಲಿ ಆಗದಿದ್ರೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಇದ್ದಾರೆ, ಬೆಂಗಳೂರಿನಲ್ಲಿ ರಾಜ್ಯ ಆಯುಕ್ತರಿದ್ದಾರೆ. ಎಲ್ಲರ ಎದುರು ಬೇಕಂತಲೇ ಅವಮಾನ ಮಾಡಿದ್ರೆ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಐದು ವರ್ಷದ ತನಕ ಜೈಲು, ದಂಡ ಇದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಸಹ, ಪ್ರವೇಶಯೋಗ್ಯತೆಯ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮ ಆಗಬೇಕು ಅಂತ ಕೇಂದ್ರಕ್ಕೆ ಹೇಳಿದೆ.

ನಿಯಮ ಬರಲಿ, ಹೊಸ ಬಸ್ ಬರಲಿ. ಅಲ್ಲಿ ತನಕ ನಾಳೆ ಬೆಳಿಗ್ಗೆಯ ಕಂಪ್ಲಿ ಬಸ್ ಅದೇ ಎತ್ತರದ ಮೆಟ್ಟಿಲಿನದ್ದೇ. ಬಾಗಿಲ ಹತ್ತಿರ ನಿಂತವರು ಒಂದು ಹೆಜ್ಜೆ ಹಿಂದೆ ಸರಿದು, "ಮೊದಲು ನೀವು ಹತ್ತಿ" ಅಂದ್ರೆ ಊರುಗೋಲು ಹಿಡಿದು ಪಕ್ಕಕ್ಕೆ ನಿಂತವರ ಪಾಸ್ ಆ ದಿನ ಕೆಲಸಕ್ಕೆ ಬರುತ್ತೆ.