ಗಾಲಿಕುರ್ಚಿಯವರಿಗೆ ಕಾರು: ಮೊದಲು ಅಳತೆ, ಆಮೇಲೆ ಬೆಲೆ

ಪ್ರತಿ ಜುಮಾಕ್ಕೆ ಬರುತ್ತಿದ್ದ ಹಿರಿಯರೊಬ್ಬರು ಪಾರ್ಶ್ವವಾಯು ಆದ ಮೇಲೆ ಮಸೀದಿಯ ಕಡೆ ಬರುವುದನ್ನೇ ನಿಲ್ಲಿಸುವುದುಂಟು. ಮಸೀದಿ ದೂರವೇನಲ್ಲ, ಎರಡು ಕಿಲೋಮೀಟರ್. ಮನೆಯಲ್ಲಿ ಮಕ್ಕಳಿದ್ದಾರೆ, ಕಾರೂ ಇದೆ. ಆದರೆ ಪ್ರತಿ ಸಲ ಇಬ್ಬರು ಹಿಡಿದೆತ್ತಿ ಮೂಟೆಯಂತೆ ಸೀಟಿಗೆ ಹಾಕುವುದನ್ನು ಅವರ ಮನಸ್ಸು ಒಪ್ಪುವುದಿಲ್ಲ. “ಮನೆಯಲ್ಲೇ ನಮಾಝ್ ಮಾಡ್ತೇನೆ, ಬಿಡಿ” ಎನ್ನುತ್ತಾರೆ. ನಾವು ಕಾಯಿಲೆ ಎಂದುಕೊಳ್ಳುವುದು ಎಷ್ಟೋ ಸಲ ಸಂಕೋಚವಾಗಿರುತ್ತದೆ. ಆದ್ದರಿಂದ ಕಾರು ನೋಡುವ ಮೊದಲು ಅದರಲ್ಲಿ ಕೂರುವವರನ್ನು ನೋಡಬೇಕು.

ಮೊದಲ ಪ್ರಶ್ನೆ

ಅವರು ಕುರ್ಚಿಯಿಂದ ಎದ್ದೋ ಜಾರಿಯೋ ಕಾರಿನ ಸೀಟಿಗೆ ಬರಬಲ್ಲರೇ? ಬರಬಲ್ಲರಾದರೆ ದೊಡ್ಡ ವಾಹನ ಬೇಡ. ಕಾರಿನ ಸೀಟು ಗಾಲಿಕುರ್ಚಿಯ ಸೀಟಿನಷ್ಟೇ ಎತ್ತರದಲ್ಲಿರಬೇಕು. ಬಾಗಿಲು ಅಗಲವಾಗಿ ತೆರೆಯಬೇಕು, ತಲೆ ತಗಲಬಾರದು. ಹೊರಗೆ ತಿರುಗುವ ಸೀಟು ಇದ್ದರೆ ಇನ್ನೂ ಸುಲಭ. 2025ರ ಕೊನೆಯಲ್ಲಿ ಮಾರುತಿ ಸುಜುಕಿ ವ್ಯಾಗನ್‌ಆರ್‌ಗೆ ಇಂತಹ ಸೀಟು ಬಂದಿದೆ. ಅದನ್ನು ಬೆಂಗಳೂರಿನ ಒಂದು ನವೋದ್ಯಮದ ಜೊತೆಗೂಡಿ ತಂದಿದ್ದಾರೆ. ಡಿಕ್ಕಿಯಲ್ಲಿ ಮಡಚಿದ ಕುರ್ಚಿ ಹಿಡಿಯುತ್ತದೆಯೇ ಎಂದು ಇಟ್ಟೇ ನೋಡಿ. ಹಲವು ಸಿಎನ್‌ಜಿ ಕಾರುಗಳಲ್ಲಿ ಸಿಲಿಂಡರ್ ಆ ಜಾಗವನ್ನೇ ತಿನ್ನುತ್ತದೆ.

ಕುರ್ಚಿಯಲ್ಲೇ ಕುಳಿತು ಪ್ರಯಾಣಿಸಬೇಕಾದವರಿಗೆ ಎತ್ತರದ ಬಾಗಿಲಿನ ವ್ಯಾನ್ ಬೇಕು. ಇಳಿಜಾರು ಹಲಗೆ ಅಥವಾ ಲಿಫ್ಟ್ ಬೇಕು. ವಾಹನದ ನೆಲ 60 ಸೆಂ.ಮೀ. ಎತ್ತರದಲ್ಲಿದ್ದರೆ, ಕಟ್ಟಡಗಳಿಗೆ ಹೇಳುವ 1:12ರ ಇಳಿಜಾರಿಗೆ 7.2 ಮೀಟರ್ ಹಲಗೆ ಬೇಕಾಗುತ್ತದೆ. ಓಣಿಯಲ್ಲಿ ಅದು ಆಗದ ಮಾತು. 2.4 ಮೀಟರ್ ಹಲಗೆ ಹಾಕಿದರೆ ಏರು ಕಡಿದಾಗುತ್ತದೆ, ತಳ್ಳುವವರಿಗೆ ಬಲ ಬೇಕು. ಒಳಗೆ ಕುರ್ಚಿಯನ್ನು ನಾಲ್ಕು ಕಡೆ ನೆಲಕ್ಕೆ ಬಿಗಿಯಬೇಕು. ಕೂತವರಿಗೆ ಬೇರೆಯೇ ಸೀಟ್‌ಬೆಲ್ಟ್ ಇರಬೇಕು. ಕುರ್ಚಿಯ ಬ್ರೇಕ್ ಹಾಕಿದರೆ ಸಾಲದು.

ದುಡ್ಡಿನ ಲೆಕ್ಕ

ತಿಂಗಳಿಗೆ ಎಷ್ಟು ಸಲ ಹೊರಗೆ ಹೋಗುತ್ತೀರಿ ಎಂದು ಬರೆದುಕೊಳ್ಳಿ. ಉದಾಹರಣೆಗೆ, 6 ಲಕ್ಷದ ಕಾರನ್ನು ಎಂಟು ವರ್ಷದ ನಂತರ 2 ಲಕ್ಷಕ್ಕೆ ಮಾರಿದರೆ, ತಿಂಗಳಿಗೆ ಸುಮಾರು 4,170 ರೂಪಾಯಿ ಸವೆದಂತೆ. ಪೆಟ್ರೋಲ್, ವಿಮೆ, ಸರ್ವಿಸ್ ಬೇರೆ. ತಿಂಗಳಿಗೆ ನಾಲ್ಕು ಜುಮಾ, ಎರಡು ಆಸ್ಪತ್ರೆ ಅಷ್ಟೇ ಆದರೆ ಬಾಡಿಗೆ ಕಾರು ಅಗ್ಗವಾದೀತು. ಅಥವಾ ಮನೆಯಲ್ಲಿರುವ ಕಾರಿಗೇ ಹೊಂದುವ ತಿರುಗುವ ಸೀಟು ಸಾಕಾದೀತು.

2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಕಾರುಗಳಿಗೆ ಎಲ್ಲರಿಗೂ ಜಿಎಸ್‌ಟಿ 18%. ರಸ್ತೆ ತೆರಿಗೆಯ ವಿನಾಯಿತಿ ನಿಮಗೆ ಸಿಗುತ್ತದೆಯೇ ಎಂದು ಖರೀದಿಗೆ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ. ಅಂಗವೈಕಲ್ಯದ ಯುಡಿಐಡಿ ಕಾರ್ಡ್ ಮಾಡಿಸಿಟ್ಟುಕೊಳ್ಳಿ. ಹೆಚ್ಚಿನ ಸೌಲಭ್ಯಗಳಿಗೆ 40% ಅಂಗವೈಕಲ್ಯ ದೃಢಪಟ್ಟಿರಬೇಕು. ವಾಹನವನ್ನು ಬದಲಾಯಿಸುವುದಾದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಿ, ವಿಮಾ ಕಂಪನಿಗೂ ತಿಳಿಸಿ. ಮಾರ್ಪಡಿಸಿದ ವಾಹನಕ್ಕೆ ವಿಮೆಯಲ್ಲಿ ರಿಯಾಯಿತಿ ಇದೆಯೇ ಎಂದೂ ಕೇಳಿ.

ಒಂದು ಎಚ್ಚರಿಕೆ: ಇಂತಹ ಮಾರ್ಪಡಿಸಿದ ವಾಹನ ಆ ವ್ಯಕ್ತಿಯ ಬಳಕೆಗೆ ಮಾತ್ರ ಎನ್ನುತ್ತದೆ ಮೋಟಾರು ವಾಹನ ಕಾಯ್ದೆ. ಉಮ್ಮನ ಹೆಸರಿನಲ್ಲಿ ರಿಯಾಯಿತಿ ಪಡೆದು ಮಗ ವ್ಯಾಪಾರಕ್ಕೆ ಓಡಿಸುವುದು ಅಮಾನತ್ತಿಗೆ ದ್ರೋಹ.

ಬಡ್ಡಿಯಿಲ್ಲದೆ

ಬಡ್ಡಿ ಸಾಲಕ್ಕೆ ಕೈಹಾಕುವ ಮೊದಲು ಕುಟುಂಬ ಒಟ್ಟಿಗೆ ಕೂರಲಿ. ಅಣ್ಣತಮ್ಮಂದಿರು, ಅಕ್ಕತಂಗಿಯರು ತಿಂಗಳಿಗೆ ಇಷ್ಟೆಂದು ಹಾಕಬಹುದು. ಒಬ್ಬರು ಕರ್ಝೆ ಹಸನ ಕೊಟ್ಟು ಉಳಿದವರು ತೀರಿಸಬಹುದು. ಸಂಬಂಧಿಕರೇ ಆದರೂ ಮೊತ್ತ, ತೀರಿಸುವ ದಿನ, ಸಾಕ್ಷಿಗಳನ್ನು ಬರೆದಿಡಿ. ಸೂರಃ ಅಲ್ ಬಕರಃದ 282ನೇ ವಚನ ಇದನ್ನೇ ಕಲಿಸುತ್ತದೆ. ಝಕಾತಿನ ಹಣ ಬಳಸಬಹುದೇ ಎಂಬುದು ಪಡೆಯುವವರ ಸ್ಥಿತಿಯ ಮೇಲಿದೆ. ಉಲಮಾರನ್ನು ಕೇಳಿಯೇ ಮುಂದುವರಿಯಿರಿ.

ಕೊನೆಗೆ, ಮುಂಗಡ ಕೊಡುವ ಮುನ್ನ ಅಬ್ಬನನ್ನು ಅವರದೇ ಕುರ್ಚಿಯೊಂದಿಗೆ ಶೋರೂಮಿಗೆ ಕರೆದುಕೊಂಡು ಹೋಗಿ. ಎರಡು ಸಲ ಹತ್ತಿ ಇಳಿಯಲಿ. “ಇದು ನಿಮಗೆ ಸರಿಯಾಗುತ್ತದೆಯೇ ಅಬ್ಬಾ?” ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಹಣ ನಮ್ಮದಿರಬಹುದು, ಕೂರುವವರು ಅವರು.