ಮೂಳೆಗಳಿಗೆ ಮರಳಿದ ಹೆಸರು

ಯುದ್ಧಕ್ಕೆ ಹೋದವನು ಮಡಿದನೆಂಬ ಸುದ್ದಿ ಬಂದು, ದೇಹ ಮಾತ್ರ ಬಾರದೆ ಹೋದರೆ ಮನೆಯವರ ದುಃಖಕ್ಕೆ ಕೊನೆಯೆಂಬುದಿಲ್ಲ. ಎಲ್ಲಿಯೋ ಬದುಕಿರಬಹುದೆಂಬ ಆಸೆ ಮನಸ್ಸಿನ ಮೂಲೆಯಲ್ಲಿ ಉಳಿದೇ ಇರುತ್ತದೆ. ಎಪ್ಪತ್ತು ವರ್ಷ ಕಳೆದ ಮೇಲೆ, ನೂರಾರು ಜನರ ಮೂಳೆಗಳು ಒಂದರೊಡನೊಂದು ಬೆರೆತುಹೋಗಿರುವಾಗ, ‘ಇದು ಇಂಥವನದು’ ಎಂದು ಹೇಳುವುದು ಸಾಧ್ಯವೆ? ಸಾಧ್ಯವೆಂಬುದನ್ನು ಅಮೆರಿಕದ ‘ಓಕ್ಲಹೋಮ’ ಯುದ್ಧನೌಕೆಯ ವೃತ್ತಾಂತವು ತೋರಿಸಿಕೊಟ್ಟಿದೆ.

೧೯೪೧ನೆಯ ಇಸವಿ ಡಿಸೆಂಬರ್ ೭ರ ಬೆಳಗ್ಗೆ ಜಪಾನಿನ ವಿಮಾನಗಳು ಹವಾಯಿ ದ್ವೀಪಗಳ ಪರ್ಲ್ ಹಾರ್ಬರ್ ಬಂದರಿನ ಮೇಲೆ ಎರಗಿದವು. ಹಲವು ಟಾರ್ಪಿಡೊಗಳ ಪೆಟ್ಟು ತಿಂದ ಓಕ್ಲಹೋಮ ಕೆಲವೇ ನಿಮಿಷಗಳಲ್ಲಿ ಮಗುಚಿಕೊಂಡಿತು. ಹಡಗಿನ ತಳದ ಉಕ್ಕನ್ನು ಕತ್ತರಿಸಿ ೩೨ ಮಂದಿಯನ್ನು ಜೀವಸಹಿತ ಹೊರತೆಗೆದರು. ೪೨೯ ಮಂದಿ ಮೃತರಾದರು. ಹಡಗನ್ನು ಮತ್ತೆ ನೆಟ್ಟಗೆ ಎತ್ತಿ ನಿಲ್ಲಿಸಿದ್ದು ೧೯೪೩ರಲ್ಲಿ. ಅಷ್ಟರಲ್ಲಿ, ಎಣ್ಣೆ ಬೆರೆತ ನೀರಿನಲ್ಲಿದ್ದ ದೇಹಗಳು ಕರಗಿ, ಮೂಳೆಗಳು ಚದುರಿ ಕಲಸಿಹೋಗಿದ್ದವು. ಅವನ್ನು ಆರಿಸಿ ತೆಗೆಯುವ ಕೆಲಸ ೧೯೪೪ರ ವರೆಗೂ ನಡೆಯಿತು.

ಯುದ್ಧ ಮುಗಿದ ಬಳಿಕ ೧೯೪೭ರಲ್ಲಿ ಗೋರಿಗಳನ್ನು ತೆರೆದು ಪರೀಕ್ಷೆ ನಡೆಸಿದರು. ಆ ಕಾಲದ ಮುಖ್ಯ ಸಾಧನಗಳು ಎರಡೇ: ಮೂಳೆಯ ಅಳತೆ ಮತ್ತು ಹಲ್ಲಿನ ವೈದ್ಯರ ದಾಖಲೆ. ಹವಾಯಿಯಲ್ಲಿ ಇಂಥ ಅಸ್ಥಿಗಳನ್ನು ಪರೀಕ್ಷಿಸುತ್ತಿದ್ದ ಮಿಲ್‌ಡ್ರೆಡ್ ಟ್ರಾಟರ್ ಎಂಬ ವಿದುಷಿ, ಕೈಕಾಲುಗಳ ನೀಳವಾದ ಮೂಳೆಗಳಿಂದ ಆಳಿನ ಎತ್ತರವನ್ನು ಲೆಕ್ಕಹಾಕುವ ಸೂತ್ರಗಳನ್ನು ಮುಂದೆ ೧೯೫೨ರಲ್ಲಿ ಗ್ಲೆಸರ್ ಎಂಬವರೊಡನೆ ಪ್ರಕಟಿಸಿದರು. ಆದರೆ ಒಂದೇ ವಯಸ್ಸಿನ, ಒಂದೇ ಮೈಕಟ್ಟಿನ ನೂರಾರು ತರುಣರ ನಡುವೆ ಎತ್ತರವೊಂದರಿಂದ ಗುರುತು ಹತ್ತುವುದೆಂತು? ಹಲ್ಲುಗಳ ಆಧಾರದಿಂದ ೨೭ ಮಂದಿಯ ಹೆಸರನ್ನು ಸೂಚಿಸಿದ್ದುಂಟು. ಅವರ ಮಿಕ್ಕ ಮೂಳೆಗಳನ್ನು ಬೇರ್ಪಡಿಸಲು ಆಗಿರಲಿಲ್ಲ. ಅಧಿಕಾರಿಗಳು ಆ ಗುರುತನ್ನು ಒಪ್ಪಲಿಲ್ಲ. ಕೊನೆಗೆ ಹೆಸರು ತಿಳಿದವರು ೩೫ ಮಂದಿ ಮಾತ್ರ. ಉಳಿದ ೩೯೪ ಮಂದಿಯ ಅಸ್ಥಿಗಳು ಹೊನೊಲುಲುವಿನಲ್ಲಿ, ಆರಿದ ಜ್ವಾಲಾಮುಖಿಯೊಂದರ ಬಾಯಿಯೊಳಗಿನ ಪಂಚ್‌ಬೌಲ್ ಸ್ಮಶಾನದಲ್ಲಿ, ‘ಅಜ್ಞಾತ’ ಎಂಬ ಕಲ್ಲುಗಳ ಕೆಳಗೆ ಮಣ್ಣು ಸೇರಿದವು.

ಅದೇ ದಾಳಿಯಲ್ಲಿ ಬದುಕಿ ಉಳಿದ ರೇ ಎಮೊರಿ ಎಂಬ ನಾವಿಕನು ಇದನ್ನು ಇಲ್ಲಿಗೇ ಬಿಡಲು ಒಪ್ಪಲಿಲ್ಲ. ಹಳೆಯ ಕಾಗದಪತ್ರಗಳನ್ನು ಹುಡುಕಿ ಹುಡುಕಿ ಅಧಿಕಾರಿಗಳ ಮುಂದಿಟ್ಟನು. ಅದರ ಫಲವಾಗಿ ೨೦೦೩ರಲ್ಲಿ ಒಂದು ಪೆಟ್ಟಿಗೆಯನ್ನು ಮೇಲೆತ್ತಿದರು. ಅದರಲ್ಲಿ ಐವರಿರಬಹುದೆಂದು ಎಣಿಸಿದ್ದರು. ತೆರೆದು ಪರೀಕ್ಷಿಸಿದಾಗ ತೊಂಬತ್ತಕ್ಕೂ ಹೆಚ್ಚು ಜನರ ಮೂಳೆಗಳು ಕಂಡುಬಂದವು! ಒಂದು ಪೆಟ್ಟಿಗೆಯನ್ನು ತೆರೆದು ಒಬ್ಬನನ್ನು ಗುರುತಿಸುವ ಮಾತೇ ಇರಲಿಲ್ಲ. ಎಲ್ಲರನ್ನೂ ಒಟ್ಟಿಗೇ ತೆಗೆಯಬೇಕಾಗಿತ್ತು. ೨೦೧೫ರಲ್ಲಿ ಅಪ್ಪಣೆ ದೊರೆತು, ೬೧ ಪೆಟ್ಟಿಗೆಗಳು ಮೇಲೆ ಬಂದವು. ಸುಮಾರು ೧೩,೦೦೦ ಮೂಳೆಗಳು ನೆಬ್ರಾಸ್ಕದ ಪ್ರಯೋಗಶಾಲೆಯ ಮೇಜುಗಳ ಮೇಲೆ ಹರಡಿಕೊಂಡವು.

ಈಗ ವಿಜ್ಞಾನಿಗಳ ಕೈಯಲ್ಲಿದ್ದ ಹೊಸ ಸಾಧನ ಡಿ.ಎನ್.ಎ. ನಮ್ಮ ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೇ ಪ್ರತಿಗಳಿರುತ್ತವೆ. ಹಳೆಯ ಮೂಳೆಯಲ್ಲಿ ಇವು ಬೇಗನೆ ಚೂರಾಗುತ್ತವೆ. ಕೋಶಕ್ಕೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯಗಳಲ್ಲಿಯೂ ಬೇರೊಂದು ಪುಟ್ಟ ಡಿ.ಎನ್.ಎ. ಉಂಟು. ಇದರ ಪ್ರತಿಗಳು ನೂರಾರು, ಸಾವಿರಾರು. ಆದ್ದರಿಂದ ಕೆಲವಾದರೂ ಉಳಿದಿರುವ ಸಂಭವ ಹೆಚ್ಚು. ಮೂಳೆಯ ಚೂರನ್ನು ಪುಡಿಮಾಡಿ ಅದನ್ನು ಬೇರ್ಪಡಿಸುತ್ತಾರೆ.

ಇದರಲ್ಲೊಂದು ವಿಶೇಷವಿದೆ. ಮೈಟೊಕಾಂಡ್ರಿಯದ ಡಿ.ಎನ್.ಎ. ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿದುಬರುತ್ತದೆ. ಆದುದರಿಂದ ಸತ್ತ ನಾವಿಕನ ಸ್ವಂತ ಮಗನು ಬಂದು ನಿಂತರೂ ಈ ಹೋಲಿಕೆಗೆ ಪ್ರಯೋಜನವಿಲ್ಲ! ಬೇಕಾದವರು ಅವನ ಒಡಹುಟ್ಟಿದವರು, ಅಕ್ಕತಂಗಿಯರ ಮಕ್ಕಳು, ಆ ಹೆಣ್ಣುಮಕ್ಕಳ ಮಕ್ಕಳು. ಅಂಥವರನ್ನು ಹುಡುಕಿ ಮಾದರಿ ಪಡೆದರು. ಹಲವರಲ್ಲಿ ಒಂದೇ ಬಗೆಯ ಮೈಟೊಕಾಂಡ್ರಿಯ ಡಿ.ಎನ್.ಎ. ಇರುವುದೂ ಉಂಟು. ಆಗ ಕೋಶಕೇಂದ್ರದ ಡಿ.ಎನ್.ಎ., ಹಲ್ಲಿನ ದಾಖಲೆ, ಎತ್ತರ, ವಯಸ್ಸು ಎಲ್ಲವನ್ನೂ ಕೂಡಿಸಿ ನೋಡಬೇಕಾಗುತ್ತದೆ. ತೊಡೆಯ ಮೂಳೆಯ ಗುಂಡು ಸೊಂಟದ ಕುಳಿಯಲ್ಲಿ ಸರಿಯಾಗಿ ಕೂರುತ್ತದೆಯೆ ಎಂಬುದೂ ಒಂದು ಸಾಕ್ಷಿಯೇ. ಒಬ್ಬನ ಪಾಲಿಗೆ ಎರಡು ಎಡತೊಡೆಯ ಮೂಳೆಗಳು ಬಂದರೆ ಎಲ್ಲಿಯೋ ತಪ್ಪಿದೆಯೆಂದೇ ಅರ್ಥ.

ಈ ಕೆಲಸ ಮುಗಿಯುವ ಹೊತ್ತಿಗೆ ೩೯೪ರಲ್ಲಿ ೩೬೧ ಮಂದಿಗೆ ಹೆಸರು ಮರಳಿತ್ತು. ಅವರ ಅಸ್ಥಿಗಳು ಬಂಧುಗಳ ವಶಕ್ಕೆ ಬಂದವು. ಆದರೆ ಬಾಗಿಲು ಕಾದಿದ್ದ ತಾಯಂದಿರು ಅಷ್ಟರಲ್ಲಿ ಇರಲಿಲ್ಲ. ಬಂದು ನಿಂತವರಲ್ಲಿ ಅನೇಕರು ಆ ತರುಣನನ್ನು ಕಣ್ಣಾರೆ ಕಂಡವರೇ ಅಲ್ಲ. ಆದರೂ ಎಲ್ಲವೂ ಕಲಸಿಹೋದ ಆ ರಾಶಿಯಲ್ಲಿ ಮಗನನ್ನು ಹುಡುಕಿಕೊಟ್ಟದ್ದು, ತಾಯಿಯು ಹೆರುವಾಗ ಅವನಿಗೂ ಅವನ ಅಕ್ಕತಂಗಿಯರಿಗೂ ಸಮನಾಗಿ ಕೊಟ್ಟಿದ್ದ ಗುರುತೇ.

ಇನ್ನುಳಿದ ೩೩ ಮಂದಿಯ ಗುರುತು ಹತ್ತಲಿಲ್ಲ. ದಾಳಿಗೆ ಸರಿಯಾಗಿ ಎಂಬತ್ತು ವರ್ಷ ತುಂಬಿದ ದಿನ, ೨೦೨೧ರ ಡಿಸೆಂಬರ್ ೭ರಂದು, ಅವರನ್ನು ಸಕಲ ಮರ್ಯಾದೆಗಳೊಡನೆ ಪಂಚ್‌ಬೌಲ್‌ನಲ್ಲಿಯೇ ಮತ್ತೆ ಮಣ್ಣು ಮಾಡಿದರು. ಸಾಕ್ಷ್ಯ ಸಾಲದ ಕಡೆ ಊಹೆಯಿಂದ ಹೆಸರು ಕೊಡದಿರುವುದೂ ವಿಜ್ಞಾನದ ಧರ್ಮವೇ ಆಗಿದೆ. ಯಾರದೋ ಮಗನನ್ನು ಇನ್ನಾರದೋ ಮನೆಗೆ ಕಳುಹಿಸುವುದಕ್ಕಿಂತ ‘ತಿಳಿಯದು’ ಎನ್ನುವುದೇ ಲೇಸಲ್ಲವೆ?