ಗಿಟಾರ್ ಕಲಿಯುವ ಮೊದಲು ತಂತಿಯ ಎತ್ತರ ನೋಡಿ

ಉಡುಪಿಯಿಂದ ಕುಂದಾಪುರದ ಕಡೆ ಹೊರಟವರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಂತೆಕಟ್ಟೆ ಸಿಗುತ್ತದೆ. ಪಕ್ಕದಲ್ಲೇ ಕಲ್ಯಾಣಪುರ, ಅದರಾಚೆ ಸ್ವರ್ಣಾ ನದಿ, ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಸಮುದ್ರ. ಕಲ್ಯಾಣಪುರದ ಮಿಲಾಗ್ರಿಸ್ ಕ್ಯಾಥೆಡ್ರಲ್‌ನ ಆಸುಪಾಸಿನ ಕೊಂಕಣಿ ಮನೆಗಳಿಗೆ ಗಿಟಾರ್ ಹೊಸದೇನಲ್ಲ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ಬಳಿಕ ಪೂಜೆಯು ಜನರ ಭಾಷೆಗೆ ಬಂತು, ಚರ್ಚ್‌ಗಳ ಗಾಯನ ಮಂಡಳಿಗಳಲ್ಲಿ ಗಿಟಾರ್‌ಗೂ ಜಾಗ ಸಿಕ್ಕಿತು. ಈಗಂತೂ ಜಾತಿ, ಭಾಷೆಯ ಭೇದವಿಲ್ಲದೆ ಎಲ್ಲ ಮನೆಯ ಮಕ್ಕಳಿಗೂ ಅದನ್ನು ನುಡಿಸುವ ಆಸೆ.

ಆದರೆ ಆಸೆಯಿಂದ ಕೊಂಡ ಗಿಟಾರ್ ಎಷ್ಟೋ ಮನೆಗಳಲ್ಲಿ ಕೆಲವೇ ತಿಂಗಳಲ್ಲಿ ಅಟ್ಟ ಸೇರುತ್ತದೆ. "ನನಗೆ ಸಂಗೀತ ಒಲಿಯಲಿಲ್ಲ" ಎಂದು ಕಲಿಯುವವರು ತಮ್ಮನ್ನೇ ದೂರಿಕೊಳ್ಳುತ್ತಾರೆ. ಬಹಳ ಸಲ ತಪ್ಪು ಅವರದಾಗಿರುವುದಿಲ್ಲ. ತಂತಿಯ ಎತ್ತರ, ಕರಾವಳಿಯ ತೇವ, ಅಭ್ಯಾಸದ ಕ್ರಮ ಈ ಮೂರರಲ್ಲಿ ಯಾವುದೋ ಒಂದು ಅಡ್ಡ ಬಂದಿರುತ್ತದೆ. ಮೂರನ್ನೂ ಅರ್ಥಮಾಡಿಕೊಂಡು ಸರಿಪಡಿಸಬಹುದು.

ತಂತಿಯ ಲೆಕ್ಕ

ತಂತಿಯ ಸ್ವರವನ್ನು ನಿರ್ಧರಿಸುವುದು ಅದರ ಉದ್ದ, ಬಿಗಿತ ಮತ್ತು ತೂಕ. ಫ್ರಾನ್ಸಿನ ವಿದ್ವಾಂಸ ಮರಾನ್ ಮರ್ಸೆನ್ 1636ರಲ್ಲೇ ಈ ನಿಯಮಗಳನ್ನು ಬರೆದಿಟ್ಟ. ಗಿಟಾರಿನ ಆರೂ ತಂತಿಗಳ ಉದ್ದ ಹೆಚ್ಚುಕಡಿಮೆ ಒಂದೇ, ಸುಮಾರು 65 ಸೆಂಟಿಮೀಟರ್. ತೂಕ ಬೇರೆ ಬೇರೆಯಾದ್ದರಿಂದ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ಅತಿ ತೆಳುವಾದದ್ದು 330 ಸಲ ಕಂಪಿಸುತ್ತದೆ.

ವೀಣೆಯಲ್ಲಿ ಮೆಟ್ಟಿಲುಗಳಿರುವಂತೆ ಗಿಟಾರಿನಲ್ಲಿ ಫ್ರೆಟ್‌ಗಳಿವೆ. 12ನೇ ಫ್ರೆಟ್ ತಂತಿಯ ನಟ್ಟನಡುವೆ ಬರುತ್ತದೆ. ಅಲ್ಲಿ ಒತ್ತಿದರೆ ಕಂಪನ ಇಮ್ಮಡಿಸಿ ಮೇಲಿನ ಷಡ್ಜ ಕೇಳುತ್ತದೆ. 7ನೇ ಫ್ರೆಟ್‌ನಲ್ಲಿ ಒತ್ತಿದರೆ ಮೂರನೇ ಎರಡು ಭಾಗ ಉಳಿದು ಪಂಚಮ ನುಡಿಯುತ್ತದೆ. ಮೊದಲ ಫ್ರೆಟ್‌ನ ಅಗಲ 36 ಮಿಲಿಮೀಟರ್‌ಗೂ ಹೆಚ್ಚು, 12ನೆಯದು 19ರ ಆಸುಪಾಸು. ಹೊಸಬರ ಪಾಠವೆಲ್ಲ ಶುರುವಾಗುವುದು ಬೆರಳುಗಳನ್ನು ಅತಿ ಹೆಚ್ಚು ಅಗಲಿಸಬೇಕಾದ ಮೊದಲ ಮೂರು ಫ್ರೆಟ್‌ಗಳಲ್ಲಿ. ಹಾಗಾಗಿ ಸಣ್ಣ ಮಕ್ಕಳಿಗೆ ಸಣ್ಣ ಅಳತೆಯ ಗಿಟಾರನ್ನೇ ಕೊಡಿಸಬೇಕು.

ಬಲಗೈಗೂ ಒಂದು ಪಾಠವಿದೆ. ತಂತಿಯನ್ನು ನಡುವಿನ ಕಡೆ ಮೀಟಿದರೆ ನಾದ ಮೆದು, ತಂತಿ ಕೂರುವ ಕುದುರೆಯ (ಬ್ರಿಡ್ಜ್) ಹತ್ತಿರ ಮೀಟಿದರೆ ಚೂಪು. ಮೀಟಿದ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟುವುದಿಲ್ಲ ಎಂಬುದು ವಿಜ್ಞಾನಿಗಳಾದ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ನಿಯಮ. ತಂಬೂರಿ ಮತ್ತು ವೀಣೆಯ ಬಾಗಿದ ಕುದುರೆ ಈ ನಿಯಮವನ್ನು ಮೀರುತ್ತದೆಂದು 1921ರಲ್ಲಿ ತೋರಿಸಿದವರು ಸರ್ ಸಿ.ವಿ. ರಾಮನ್. ಗಿಟಾರಿನಲ್ಲಿ ತಂತಿ ಕೂರುವುದು ಕಿರಿದಾದ ಅಂಚಿನ ಮೇಲೆ. ಆದ್ದರಿಂದ ಅಲ್ಲಿ ಮೀಟುವ ಜಾಗವೇ ನಾದದ ಬಣ್ಣವನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಗಾಂಧಾರ ಯಾಕೆ ಏರಿದಂತೆ ಕೇಳುತ್ತದೆ?

ಉಡುಪಿ ಕಡೆಯ ಮಕ್ಕಳ ಕಿವಿ ಬರಿದಾಗಿರುವುದಿಲ್ಲ. ಕರ್ನಾಟಕ ಸಂಗೀತದ ಪಾಠ, ಭಜನೆ, ಯಕ್ಷಗಾನದ ಶ್ರುತಿ ಅವರ ಕಿವಿಯನ್ನು ಆಗಲೇ ಹದ ಮಾಡಿರುತ್ತವೆ. ಅಂಥವರಿಗೆ ಗಿಟಾರಿನಲ್ಲಿ ಏನೋ ಅಪಸ್ವರವಿದೆ ಎನಿಸಿದರೆ ಅದು ಭ್ರಮೆಯಲ್ಲ. ಐದನೇ ತಂತಿಯನ್ನು 110 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 110 ಕಂಪನಗಳಿಗೆ, ಸೇರಿಸಿ, ಅದನ್ನೇ ಷಡ್ಜವೆಂದುಕೊಳ್ಳಿ. ತಂಬೂರಿಯೊಂದಿಗೆ ಬೆರೆಯುವ ಅಂತರ ಗಾಂಧಾರ 137.5 ಹರ್ಟ್ಸ್. ಗಿಟಾರಿನ 4ನೇ ಫ್ರೆಟ್ ಕೊಡುವುದು ಸುಮಾರು 138.6. ಪಂಚಮದಲ್ಲಿ ವ್ಯತ್ಯಾಸ ತೀರಾ ಕಡಿಮೆ, 165ರ ಬದಲು 164.8.

ಯಾವ ಸ್ವರವನ್ನು ಬೇಕಾದರೂ ಷಡ್ಜ ಮಾಡಿಕೊಳ್ಳಲು ಅನುಕೂಲವಾಗಲೆಂದು ಗಿಟಾರಿನ ಸಪ್ತಕವನ್ನು 12 ಸಮ ಪಾಲುಗಳಾಗಿ ಹಂಚಿದ್ದಾರೆ. ಅದರ ಬೆಲೆಯನ್ನು ಗಾಂಧಾರ ತೆರುತ್ತದೆ. ವೀಣೆಯ ಮೆಟ್ಟಿಲುಗಳನ್ನು ಮೇಣದ ಮೇಲೆ ಕಿವಿಯಿಂದಲೇ ಕೂರಿಸುತ್ತಾರೆ. ಗಿಟಾರಿನ ಫ್ರೆಟ್ ಮರದೊಳಗೆ ಬಡಿದ ಲೋಹ, ಸರಿಸಲಾಗದು. ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಇಂಪಾಗಲೆಂದು ಬಿರಡೆ ತಿರುಗಿಸಿದರೆ ಇನ್ನೊಂದು ಕಾರ್ಡ್ ಕೆಡುತ್ತದೆ. ಶುರುವಿನಲ್ಲಿ ಮೊಬೈಲಿನ ಟ್ಯೂನರ್ ತೋರಿಸಿದ ಕಡೆಗೆ ಆರೂ ತಂತಿಗಳನ್ನು ಸೇರಿಸಿ ಬಿಟ್ಟುಬಿಡುವುದೇ ಒಳ್ಳೆಯದು.

ಮಳೆ ಮತ್ತು ಮರ

ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಗಿಟಾರಿನ ಮರಕ್ಕೆ ಹಿತವಾದ ಸಾಪೇಕ್ಷ ತೇವಾಂಶ ಶೇಕಡಾ 45ರಿಂದ 55. ಮಳೆಗಾಲದಲ್ಲಿ ನಮ್ಮ ಗಾಳಿ ಇದನ್ನು ಎಷ್ಟೋ ಮೀರುತ್ತದೆ. ತೇವ ಹೀರಿದ ಮರ ಎಳೆಗಳ ಅಡ್ಡಕ್ಕೆ ಹಿಗ್ಗುತ್ತದೆ. ಆಟಿ ತಿಂಗಳಲ್ಲಿ ಮನೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು ಇದೇ ಕಾರಣಕ್ಕೆ. ಗಿಟಾರಿನ ತೆಳು ಮುಖಹಲಗೆ ಉಬ್ಬಿ ಕುದುರೆಯನ್ನು ಮೇಲೆತ್ತುತ್ತದೆ, ತಂತಿ ಫ್ರೆಟ್‌ನಿಂದ ದೂರ ಸರಿಯುತ್ತದೆ. ಉಕ್ಕಿನ ತಂತಿಗಳ ಒಟ್ಟು ಎಳೆತ ಮೊದಲೇ ಸುಮಾರು 70 ಕಿಲೋ ಭಾರಕ್ಕೆ ಸಮ. ಎತ್ತರ ಒಂದೆರಡು ಮಿಲಿಮೀಟರ್ ಏರಿದರೂ ಒತ್ತುವ ಬೆರಳಿಗೆ ಅದು ದೊಡ್ಡ ಶಿಕ್ಷೆ. ಜೊತೆಗೆ, ಕೆಳಗೆ ಒತ್ತುವಾಗ ತಂತಿ ಹೆಚ್ಚು ಹಿಗ್ಗಿ ಸ್ವರವೂ ಏರುತ್ತದೆ.

ಪರೀಕ್ಷಿಸಲು ಒಂದು ಅಳತೆಪಟ್ಟಿ ಸಾಕು. 12ನೇ ಫ್ರೆಟ್‌ನ ತಲೆಯಿಂದ ದಪ್ಪ ತಂತಿಯ ತಳಕ್ಕೆ ಎಷ್ಟಿದೆ ನೋಡಿ. ಉಕ್ಕಿನ ತಂತಿಯ ಗಿಟಾರಿನಲ್ಲಿ ಅದು 2.5 ಮಿಲಿಮೀಟರ್ ಆಸುಪಾಸು, ನೈಲಾನ್ ತಂತಿಯದರಲ್ಲಿ 4ರ ಒಳಗೆ ಇರಬೇಕು. ಹೆಚ್ಚಿದ್ದರೆ ವಾದ್ಯ ರಿಪೇರಿ ಬಲ್ಲವರಲ್ಲಿಗೆ ಒಯ್ಯಿರಿ. ಅವರು ಕತ್ತಿನೊಳಗಿನ ಸರಳನ್ನು ಹೊಂದಿಸಿಯೋ ಕುದುರೆಯ ಮೇಲಿನ ಪಟ್ಟಿಯನ್ನು ಉಜ್ಜಿಯೋ ಇಳಿಸಿಕೊಡುತ್ತಾರೆ.

ಮಳೆ ನೀರು ಬೀಳುವ ಹೊರಗೋಡೆಗೆ ಗಿಟಾರ್ ನೇತುಹಾಕಬೇಡಿ. ನುಡಿಸಿದ ಮೇಲೆ ಪೆಟ್ಟಿಗೆಯಲ್ಲಿಟ್ಟು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಿಸಿಲಿಗಿಟ್ಟು ಒಣಗಿಸಿದರೆ ಮರ ಸೀಳುತ್ತದೆ. ಬೆವರು ಮತ್ತು ಉಪ್ಪುಗಾಳಿ ಉಕ್ಕಿನ ತಂತಿಗೆ ಬೇಗ ತುಕ್ಕು ಹಿಡಿಸುತ್ತವೆ. ತುಕ್ಕು ಹಿಡಿದ ತಂತಿಯ ತೂಕ ಉದ್ದಕ್ಕೂ ಒಂದೇ ಸಮ ಇರುವುದಿಲ್ಲವಾದ್ದರಿಂದ ಶ್ರುತಿ ನಿಲ್ಲುವುದಿಲ್ಲ, ಬೆರಳೂ ತರಚುತ್ತದೆ. ದಿನವೂ ಒಣ ಹತ್ತಿಬಟ್ಟೆಯಿಂದ ಒರೆಸಿ.

ಇದೇ ಮಳೆ ಬೆಳೆಸಿದ ಪಶ್ಚಿಮ ಘಟ್ಟದ ಬೀಟೆ (ರೋಸ್‌ವುಡ್) ಮರ ಜಗತ್ತಿನ ಗಿಟಾರುಗಳಿಗೆ ಬೆನ್ನಾಗಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಬದಲಾಯಿಸಿಕೊಂಡಿತು.

ಬೆರಳ ತುದಿ, ಮಿದುಳು

ತಂತಿಯ ಎತ್ತರ ಸರಿಯಿದ್ದರೂ ಮೊದಲ ವಾರಗಳಲ್ಲಿ ಬೆರಳ ತುದಿ ನೋಯುತ್ತದೆ. ಪದೇ ಪದೇ ಒತ್ತಡ ಬಿದ್ದ ಕಡೆ ಚರ್ಮದ ತಳಪದರದ ಕೋಶಗಳು ವೇಗವಾಗಿ ವಿಭಜಿಸಿ, ಕೆರಾಟಿನ್ ತುಂಬಿದ ಮೇಲ್ಪದರವನ್ನು ದಪ್ಪಗೊಳಿಸುತ್ತವೆ. ಇದಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಭಾನುವಾರ ಎರಡು ಗಂಟೆ ನುಡಿಸಿ ಆರು ದಿನ ಬಿಟ್ಟರೆ ಬೊಬ್ಬೆ ಏಳುತ್ತದೆಯೇ ಹೊರತು ಚರ್ಮ ಗಟ್ಟಿಯಾಗುವುದಿಲ್ಲ. ಬೆರಳನ್ನು ಫ್ರೆಟ್‌ನ ಬೆನ್ನಿಗೇ ಊರಿದರೆ ಕಡಿಮೆ ಬಲ ಸಾಕು. ತುದಿಯ ಉರಿ ಸಹಜವಾದದ್ದು. ಮಣಿಕಟ್ಟು ನೋವು, ಜೋಮು ಬಂದರೆ ಮಾತ್ರ ಕೂಡಲೇ ನಿಲ್ಲಿಸಬೇಕು.

ಮಿದುಳಿಗೂ ಸಮಯ ಬೇಕು. ತಂತಿವಾದ್ಯ ನುಡಿಸುವವರ ಮಿದುಳಿನಲ್ಲಿ ಎಡಗೈ ಬೆರಳುಗಳ ಸ್ಪರ್ಶಕ್ಕೆ ಮೀಸಲಾದ ಪ್ರದೇಶ ದೊಡ್ಡದಾಗಿರುತ್ತದೆಂದು ಥಾಮಸ್ ಎಲ್ಬರ್ಟ್ ಮತ್ತು ಸಂಗಡಿಗರು 1995ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ವರದಿ ಮಾಡಿದರು. ಚಿಕ್ಕಂದಿನಲ್ಲೇ ಶುರುಮಾಡಿದವರಲ್ಲಿ ಬದಲಾವಣೆ ಹೆಚ್ಚು. ಆದರೆ ಹೊಸ ಚಲನೆಯನ್ನು ಕಲಿಯುವ ಶಕ್ತಿ ದೊಡ್ಡವರ ಮಿದುಳಿಗೂ ಇದೆ. ಕಲಿತದ್ದು ಗಟ್ಟಿಯಾಗುವುದರಲ್ಲಿ ನಿದ್ರೆಯ ಪಾತ್ರ ದೊಡ್ಡದು. ದಿನಕ್ಕೆ ಹದಿನೈದು ನಿಮಿಷದಂತೆ ವಾರವಿಡೀ ನುಡಿಸಿದವರಿಗೆ ಏಳು ರಾತ್ರಿಗಳ ನೆರವು ಸಿಗುತ್ತದೆ.

ಶುರುವಿಗೆ ಎರಡೇ ಬೆರಳು ಬೇಡುವ ಇ ಮೈನರ್ ಕಾರ್ಡ್ ಹಿಡಿಯಿರಿ. ಬಳಿಕ ಎ ಮೈನರ್, ಸಿ, ಜಿ, ಡಿ. ಒಂದರಿಂದ ಇನ್ನೊಂದಕ್ಕೆ ಬೆರಳು ಸರಿಯುವುದನ್ನು ತೀರಾ ನಿಧಾನವಾಗಿ, ತಾಳ ತಪ್ಪದಂತೆ ಅಭ್ಯಾಸ ಮಾಡಿ. ಒಂದೇ ಬೆರಳಿನಿಂದ ತಂತಿಗಳನ್ನೆಲ್ಲ ಒತ್ತುವ ಎಫ್ ಕಾರ್ಡ್‌ಗೆ ಅವಸರ ಬೇಡ.

ಪೋಷಕರಲ್ಲಿ ಒಂದು ವಿನಂತಿ. ಮಗು ಗಿಟಾರ್ ಬೇಡವೆಂದ ದಿನ ಅದರ ಪ್ರತಿಭೆಯ ಬಗ್ಗೆ ತೀರ್ಪು ಕೊಡಬೇಡಿ. ಮೊದಲು ತಂತಿಯ ಎತ್ತರ ಅಳೆಯಿರಿ, ತುಕ್ಕು ನೋಡಿ, ಶ್ರುತಿ ಸೇರಿಸಿಕೊಡಿ. ಆಮೇಲೆ ಎರಡು ತಿಂಗಳು ದಿನವೂ ಹದಿನೈದು ನಿಮಿಷ ನುಡಿಸಲು ಬಿಡಿ. ಒಲವು ಇದೆಯೋ ಇಲ್ಲವೋ ಎಂದು ಹೇಳಬಹುದಾದದ್ದು ಅದರ ನಂತರವೇ.